ಕತ್ತರಿ ಹಿಡಿದು ಪಾಠ ಮಾಡಿದ ಮೇಡಂ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾವು ಬಿಎಸ್ಸಿ ಓದುವಾಗ ಸೂಕ್ಷ್ಮಜೀವಿ ಶಾಸ್ತ್ರ ಕಲಿಸಿದ ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಾಗುವುದಿಲ್ಲ. ಆದರೆ ಅವರ ಪ್ರಶ್ನೆ ಆಗಿನವರಿಗೆಲ್ಲ ನೆನಪಿರಬೇಕು: "ಅದು ಹೆಂಗ ಗೊತ್ತಾತು?" ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದರೆ ಸಾಲುತ್ತಿರಲಿಲ್ಲ. ಯಾರು ನೋಡಿದರು, ಏನು ಕಂಡಿತು, ಹೇಳಬೇಕಿತ್ತು.

ಆರ್‌ಎನ್‌ಎ ಸ್ಪ್ಲೈಸಿಂಗ್ ಅಂದರೆ ಡಿಎನ್‌ಎಯಿಂದ ನಕಲಾದ ಆರ್‌ಎನ್‌ಎಯ ಕೆಲವು ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸುವುದು. ಆ ಪಾಠವನ್ನು ಅವರು ಶುರು ಮಾಡಿದ್ದು ನೆಗಡಿಯಂಥ ಕಾಯಿಲೆ ತರುವ ಅಡೆನೊವೈರಸ್‌ನಿಂದ. 1977ರಲ್ಲಿ ಅಮೆರಿಕದಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಈ ವೈರಸ್ಸಿನ ಆರ್‌ಎನ್‌ಎಯನ್ನು ಅದರದ್ದೇ ಡಿಎನ್‌ಎ ಜೊತೆ ಜೋಡಿಸಿ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ನೋಡಿದವು. ಎರಡೂ ಉದ್ದಕ್ಕೂ ಕೂಡಿಕೊಳ್ಳಬೇಕಿತ್ತು. ಕೂಡಿರಲಿಲ್ಲ. ನಡುನಡುವೆ ಡಿಎನ್‌ಎ ಕುಣಿಕೆಯಾಗಿ ಹೊರಗೆ ಚಾಚಿತ್ತು. ಆ ಭಾಗಗಳು ಆರ್‌ಎನ್‌ಎಯಲ್ಲಿ ಕತ್ತರಿಸಿ ಹೋಗಿದ್ದವು! ನಮ್ಮ ಜೀನುಗಳಲ್ಲೂ ಇದೇ ನಡೆಯುತ್ತದೆ ಎಂದು ಆಮೇಲೆ ತಿಳಿಯಿತು. 1993ರಲ್ಲಿ ಶಾರ್ಪ್, ರಾಬರ್ಟ್ಸ್ ಇಬ್ಬರಿಗೂ ನೊಬೆಲ್ ಬಂತು. ಆ ಕೆಲಸದಲ್ಲಿ ದೊಡ್ಡ ಪಾಲಿದ್ದ ಸೂಸನ್ ಬರ್ಜೆಟ್, ಲೂಯಿಸ್ ಚೌ ಹೆಸರುಗಳನ್ನೂ ಮೇಡಂ ಬೋರ್ಡಿನ ಮೇಲೆ ಬರೆದರು. ಬರೆಯಲೇಬೇಕಿತ್ತು.

ಆಮೇಲೆ ಕಾಗದದ ಪಟ್ಟಿ ಮತ್ತು ಕತ್ತರಿ ಹೊರಗೆ ಬಂದವು. ಪಟ್ಟಿಯ ಮೇಲೆ "ನಾಳೆ ಪರೀಕ್ಷೆ ರಜೆ ಇದೆ" ಎಂದಿತ್ತು. ಒಂದು ಪದ ಕತ್ತರಿಸಿ ಅಂಟಿಸಿದರೆ ನಾಳೆ ರಜೆ. ಇನ್ನೊಂದು ಪದ ತೆಗೆದರೆ ನಾಳೆ ಪರೀಕ್ಷೆ. "ಪಟ್ಟಿ ಒಂದs, ಸುದ್ದಿ ಎರಡು. ವೈರಸ್‌ಗೆ ಜಾಗ ಕಡಿಮಿ, ಅದಕ್ಕ ಹಿಂಗ ಮಾಡತೈತಿ" ಎಂದರು.

ಅಲ್ಲಿಂದ ನೇರ ಎಚ್‌ಐವಿಗೆ. ನಮ್ಮ ಜಿಲ್ಲೆಯಲ್ಲಿ ಆ ಸೋಂಕು ಜಾಸ್ತಿ ಇದ್ದ ಕಾಲ ಅದು. ಊರಲ್ಲಿ ಅದರ ಹೆಸರನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದರು. ಮೇಡಂ ಎಲ್ಲ ಪಾಠದ ಹಾಗೆ ಗಟ್ಟಿಯಾಗಿಯೇ ಹೇಳಿದರು. ಎಚ್‌ಐವಿಯ ಜಿನೋಮ್, ಅಂದರೆ ಅದರ ಪೂರ್ತಿ ಆನುವಂಶಿಕ ಬರಹ, 9,000ಕ್ಕೆ ಸ್ವಲ್ಪ ಮೇಲ್ಪಟ್ಟ ಅಕ್ಷರಗಳದ್ದು, ಜೀನುಗಳು 9. ಅದರಿಂದ ಹೊರಡುವ ಒಂದೇ ಉದ್ದನೆಯ ಆರ್‌ಎನ್‌ಎಯನ್ನು ನಮ್ಮ ಜೀವಕೋಶವೇ ಬೇರೆಬೇರೆ ರೀತಿ ಕತ್ತರಿಸಿ ಪ್ರೋಟೀನ್ ಮಾಡಿಸುವ 40ಕ್ಕೂ ಹೆಚ್ಚು ಬಗೆಯ ಸಂದೇಶ ಮಾಡಿಕೊಡುತ್ತದೆ. ಆದರೆ ಹೊಸ ವೈರಸ್ ಕಟ್ಟಲು ಕತ್ತರಿಸದ ಆರ್‌ಎನ್‌ಎ ಕೂಡ ಬೇಕು. ಅದನ್ನು ಜೀವಕೋಶ, ಡಿಎನ್‌ಎ ಇರುವ ತನ್ನ ಒಳಕೋಣೆಯಾದ ನ್ಯೂಕ್ಲಿಯಸ್ಸಿನಿಂದ ಸುಮ್ನೆ ಹೊರಗೆ ಬಿಡುವುದಿಲ್ಲ. ಅದಕ್ಕಾಗಿ ವೈರಸ್ ಮೊದಲು, ಪೂರ್ತಿ ಕತ್ತರಿಸಿದ ಸಂದೇಶದಿಂದ, ರೆವ್ ಎಂಬ ಪ್ರೋಟೀನ್ ಮಾಡಿಸಿಕೊಳ್ಳುತ್ತದೆ. ರೆವ್ ನ್ಯೂಕ್ಲಿಯಸ್ಸಿಗೆ ಹಿಂತಿರುಗಿ, ಕತ್ತರಿಸದ ಆರ್‌ಎನ್‌ಎಯ ಒಂದು ಮಡಿಕೆಯನ್ನು ಹಿಡಿದು ಹೊರಗೆ ಸಾಗಿಸುತ್ತದೆ. ರೆವ್ ಸಾಕಷ್ಟು ಸೇರುವ ತನಕ ವೈರಸ್ ಕಟ್ಟುವ ಕೆಲಸ ಶುರುವಾಗುವುದಿಲ್ಲ. ಎಷ್ಟು ಚಂದದ ಲೆಕ್ಕ, ಅಲ್ವಾ?

ಈಗ ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಎಚ್‌ಐವಿ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ) ರಿಪೋರ್ಟ್ ಹಿಡಿದು ಬಂದವರು ಕೇಳುತ್ತಾರೆ: "ವೈರಸ್ ಕಾಣವಲ್ದು ಅಂತ ಬಂದೈತ್ರಿ, ಗುಳಿಗಿ ಬಿಡಬಹುದಲ್ರಿ?" ಬಿಡಬಾರದು ಎಂದು ಹೇಳಿ ಸುಮ್ಮನಾಗಲು ನನಗೆ ಆಗುವುದಿಲ್ಲ. ಕೂರಿಸಿ ಕಾರಣ ಹೇಳುತ್ತೇನೆ. ನಾವು ಅಳೆಯುವುದು ರಕ್ತದಲ್ಲಿ ತೇಲುವ ವೈರಸ್ಸಿನ ಆರ್‌ಎನ್‌ಎಯನ್ನು ಮಾತ್ರ. ಗುಳಿಗೆ ಹೊಸ ಜೀವಕೋಶಕ್ಕೆ ಸೋಂಕು ತಗಲದಂತೆ ತಡೆಯುತ್ತದೆ. ಈಗಾಗಲೇ ಕೆಲವು ಜೀವಕೋಶಗಳ ಡಿಎನ್‌ಎಯಲ್ಲಿ ಸೇರಿಕೊಂಡ ವೈರಸ್ ಹಾಗೇ ಉಳಿದಿರುತ್ತದೆ. ಅದು ಆರ್‌ಎನ್‌ಎ ಮಾಡುವುದನ್ನು, ರೆವ್ ಅದನ್ನು ಹೊರಗೆ ಸಾಗಿಸುವುದನ್ನು ಈ ಗುಳಿಗೆಗಳು ತಡೆಯುವುದಿಲ್ಲ. ಗುಳಿಗೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ವೈರಸ್ ಮತ್ತೆ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ.