ಕಾಟೇಜ್ ಎನ್ನಬಾರದ ಮನೆ

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಪಟ್ಟಣದ ಪಕ್ಕದ ಷಾಟರಿ ಎಂಬ ಊರಿನಲ್ಲಿ ಷೇಕ್ಸ್‌ಪಿಯರನ ಹೆಂಡತಿ ಆನ್ ಹ್ಯಾಥವೇಯ ತವರುಮನೆಯಿದೆ. ಲೋಕವೆಲ್ಲ ಅದನ್ನು ‘ಕಾಟೇಜ್’ ಎಂದು ಕರೆದರೂ ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಹನ್ನೆರಡು ಕೋಣೆಗಳಿರುವ ಅದು ಗುಡಿಸಲು ಹೇಗಾದೀತು? ಆನ್‌ಳ ಕಾಲದಲ್ಲಿ ಅದು ಹ್ಯೂಲೆಂಡ್ಸ್ ಎಂಬ ಜಮೀನಿನ ಮನೆ, ಅಂದರೆ ಅನುಕೂಲಸ್ಥ ರೈತರ ಮನೆ.

ಅದರ ಅತ್ಯಂತ ಹಳೆಯ ಭಾಗ 1463ರ ಹೊತ್ತಿಗೆ ಕಟ್ಟಿದ್ದು. ಅಲ್ಲಿ ಭಾರ ಹೊರುವುದು ಗೋಡೆಗಳಲ್ಲ, ಓಕ್ ಮರದ ಬಾಗಿದ ಜೋಡಿತೊಲೆಗಳು. ಸಹಜವಾಗಿ ಬಾಗಿ ಬೆಳೆದ ಮರವೊಂದನ್ನು ಉದ್ದಕ್ಕೆ ಸೀಳಿದರೆ ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ಹೊಂದುವ ಎರಡು ತೊಲೆಗಳು ದೊರೆಯುತ್ತವೆ. ಅವುಗಳ ಬುಡವನ್ನು ನೆಲದ ಬಳಿ ದೂರ ದೂರ ಇಟ್ಟು, ತುದಿಗಳನ್ನು ಮೇಲೆ ಸೇರಿಸಿ, ಅಡ್ಡತೊಲೆಯಿಂದ ಬಿಗಿದರೆ ಗೋಡೆ ಏಳುವ ಮೊದಲೇ ಮಾಡಿನ ಆಧಾರ ನಿಂತುಬಿಡುತ್ತದೆ. ಇಂಗ್ಲಿಷ್ ಬಡಗಿಗಳು ಇದನ್ನು ‘ಕ್ರಕ್’ ಎನ್ನುತ್ತಾರೆ. ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೊರೆದು, ಕೀಲುಗಳಿಗೆ ಮರದ ಗೂಟ ಬಡಿಯುವುದು ಅವರ ರೂಢಿ. ಮರ ಒಣಗುತ್ತಾ ಕೀಲು ಬಿಗಿಯಾಗುತ್ತದೆ, ಚೌಕಟ್ಟು ಕೊಂಚ ಸೊಟ್ಟಗಾಗುತ್ತದೆ. ಜನ ಮುದ್ದಾಗಿದೆ ಎಂದು ಫೋಟೋ ತೆಗೆಯುವ ಆ ಸೊಟ್ಟ, ಬಡಗಿಗೆ ಮೊದಲೇ ಗೊತ್ತಿದ್ದದ್ದು. ಚೌಕಟ್ಟಿನ ನಡುವಿನ ಜಾಗವನ್ನು ಕಡ್ಡಿ ಹೆಣೆದ ತಡಿಕೆಯಿಂದ ತುಂಬಿ, ಹುಲ್ಲು ಬೆರೆಸಿದ ಮಣ್ಣು ಮೆತ್ತಿ, ಸುಣ್ಣ ಬಳಿಯುವುದು ಆ ಕಾಲದ ಪದ್ಧತಿ.

ಹುಲ್ಲಿನ ಮಾಡಿಗೆ ಕಡಿದಾದ ಇಳಿಜಾರು ಬೇಕು. ಸುಮಾರು 50 ಡಿಗ್ರಿ ಇದ್ದರೆ ಮಳೆನೀರು ಮೇಲಿನ ಪದರದಲ್ಲೇ ಜಾರಿ, ಮುಂದಕ್ಕೆ ಚಾಚಿದ ಸೂರಿನಿಂದ ಗೋಡೆಯಾಚೆ ಬೀಳುತ್ತದೆ. ಒಳಗಿನ ಹುಲ್ಲು ಒಣಗಿಯೇ ಇರುತ್ತದೆ.

ಹಳೆಯ ನಡುಮನೆಗೆ ಮೊದಲು ಮಹಡಿಯಾಗಲಿ ಚಿಮಣಿಯಾಗಲಿ ಇರಲಿಲ್ಲ. ನೆಲದ ಮೇಲಿನ ಒಲೆಯ ಹೊಗೆ ಮಾಡಿನವರೆಗೂ ಏರುತ್ತಿತ್ತು. ಚಿಮಣಿ ಬಂದ ಮೇಲಷ್ಟೇ ಮಹಡಿ ಹಾಕುವುದು ಸಾಧ್ಯವಾಯಿತು. ಆನ್‌ಳ ಸೋದರ ಬಾರ್ಥಲೋಮ್ಯೂ 1610ರಲ್ಲಿ ಮನೆಯನ್ನು ಸ್ವಂತಕ್ಕೆ ಕೊಂಡನು. 1892ರಲ್ಲಿ ಷೇಕ್ಸ್‌ಪಿಯರ್ ಬರ್ತ್‌ಪ್ಲೇಸ್ ಟ್ರಸ್ಟ್ ಅದನ್ನು ಕೊಂಡಿತು; 1969ರಲ್ಲಿ ಬೆಂಕಿಗೆ ತುತ್ತಾದ ಭಾಗವನ್ನು ಮತ್ತೆ ಕಟ್ಟಿದರು.

ಮನೆಯ ಚಿತ್ರ ಸಿಕ್ಕರೆ ಹೂದೋಟವನ್ನು ಬಿಟ್ಟು ಮಾಡಿನ ಗೆರೆಯನ್ನು ನೋಡಿ. ತಗ್ಗಿನ ಭಾಗ ಹಳೆಯದು. ಅದಕ್ಕಿಂತ ಎತ್ತರವಾಗಿ ಎದ್ದಿರುವುದು 17ನೇ ಶತಮಾನದಲ್ಲಿ ಸೇರಿಸಿದ್ದು.