ಬಾರದ ರೋಗಿಯ ಲೆಕ್ಕವನ್ನೂ ಇಡುವ ಜಿಪಿ ಕ್ಲಿನಿಕ್

ಇಂಗ್ಲೆಂಡಿಗೆ ಬಂದ ನಮ್ಮವರ ಮೊದಲ ಗೊಣಗಾಟ ಹೆಚ್ಚುಕಡಿಮೆ ಒಂದೇ: "ಮೈಮೇಲೆ ಗುಳ್ಳೆ ಎದ್ದರೂ ಚರ್ಮದ ಡಾಕ್ಟರ ಹತ್ರ ನೇರ ಹೋಗೋ ಹಾಗಿಲ್ಲ, ಎಲ್ಲಕ್ಕೂ ಜಿಪಿ." ಜಿಪಿ ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಸಾಮಾನ್ಯ ಡಾಕ್ಟರು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮಟ್ಟಿಗೆ ಈ ದೂರು ಸುಳ್ಳಲ್ಲ. ಆದರೆ ಈ ಏರ್ಪಾಡಿನ ಜೀವಾಳ ಡಾಕ್ಟರ ಕೋಣೆಗಿಂತ ಹೆಚ್ಚಾಗಿ ಕ್ಲಿನಿಕ್ಕಿನ ರೋಗಿಗಳ ಪಟ್ಟಿಯಲ್ಲಿದೆ. ಒಬ್ಬರಿಗೆ ಒಂದೇ ಕ್ಲಿನಿಕ್ಕಿನಲ್ಲಿ ನೋಂದಣಿ. ಕ್ಲಿನಿಕ್ಕಿಗೆ ಹಣ ಬರುವುದು ಬಹುಪಾಲು ತಲೆಲೆಕ್ಕದಲ್ಲಿ, ಭೇಟಿಯ ಲೆಕ್ಕದಲ್ಲಲ್ಲ. ಹಾಗಾಗಿ ಬಾರದೇ ಇರುವ ರೋಗಿಯೂ ಅವರ ಹೊಣೆಯೇ.

ಸಕ್ಕರೆ ಕಾಯಿಲೆಯ ವಾರ್ಷಿಕ ತಪಾಸಣೆ ನೋಡಿ. ಪರೀಕ್ಷೆ ಬಾಕಿ ಇರುವವರನ್ನು ಕಂಪ್ಯೂಟರಿನಲ್ಲಿ ಹುಡುಕಿ, ಎಷ್ಟೋ ಕಡೆ ಹುಟ್ಟಿದ ತಿಂಗಳ ಪ್ರಕಾರ, ಮೆಸೇಜ್ ಕಳಿಸುತ್ತಾರೆ. ಉತ್ತರವಿಲ್ಲದಿದ್ದರೆ ಮತ್ತೊಂದು, ಆಮೇಲೆ ಫೋನ್. ಚೆನ್ನಾಗಿ ನಡೆಯುವ ಕ್ಲಿನಿಕ್ಕಿನಲ್ಲಿ ರಕ್ತ, ಮೂತ್ರದ ಪರೀಕ್ಷೆ ಒಂದೆರಡು ವಾರ ಮೊದಲೇ ಮುಗಿದು, ನರ್ಸ್ ಮುಂದೆ ಕೂರುವಾಗ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ), ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ) ಎಲ್ಲ ಪರದೆಯ ಮೇಲಿರುತ್ತವೆ. ರಕ್ತ ತೆಗೆಯುವುದೂ ಮಾತಾಡುವುದೂ ಒಂದೇ ದಿನವಾದರೆ ಫಲಿತಾಂಶ ಬಂದ ಮೇಲೆ ಮತ್ತೆ ಕರೆಯಬೇಕು. ಆ ಎರಡನೇ ಕರೆಗೆ ಬಹಳ ಮಂದಿ ಬರುವುದೇ ಇಲ್ಲ.

ಇದೇ ತಪಾಸಣೆಯಲ್ಲಿ ಪಾದದ ನರಗಳಿಗೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಪಾದ ಪರೀಕ್ಷೆಯಿಂದ ಕೆಲಸದ ಗುಣಮಟ್ಟ ಬೇಗ ಗೊತ್ತಾಗುತ್ತದೆ. ಎರಡೂ ಕಾಲುಚೀಲ ಬಿಚ್ಚಿಸಿ, ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಬೆರಳು, ಅಂಗಾಲಿಗೆ ಬಾಗುವವರೆಗೆ ಒತ್ತಬೇಕು. ಒತ್ತಿದಾಗಲೆಲ್ಲ "ಗೊತ್ತಾಗ್ತಿದೆಯಾ?" ಎಂದು ಕೇಳಿದರೆ ರೋಗಿ ಅಭ್ಯಾಸಬಲದಿಂದ "ಹೂಂ" ಅನ್ನುತ್ತಾರೆ, ತಾಗಿದಾಗ ಅವರೇ ಹೇಳಬೇಕು. ದಡ್ಡುಗಟ್ಟಿದ ಚರ್ಮದ ಮೇಲೆ ಒತ್ತಿದರೆ ನರ ಸರಿಯಿದ್ದರೂ ತಿಳಿಯುವುದಿಲ್ಲ. ಬಿಡುವಿಲ್ಲದೆ ಬಳಸಿದ ಎಳೆ ಮೆತ್ತಗಾಗಿ ಕಡಿಮೆ ಒತ್ತಡಕ್ಕೇ ಬಾಗುತ್ತದೆ, ಆಗ ಫಲಿತಾಂಶಕ್ಕೆ ಅರ್ಥವಿಲ್ಲ.

ಪಟ್ಟಿ ಕೈಕೊಡುವುದು ಕೋಡಿಂಗ್‌ನಲ್ಲಿ, ಅಂದರೆ ಕಾಯಿಲೆಯನ್ನು ಕಂಪ್ಯೂಟರ್ ಹುಡುಕಬಲ್ಲ ಸಂಕೇತವಾಗಿ ದಾಖಲಿಸುವಲ್ಲಿ. ಆಸ್ಪತ್ರೆಯ ಪತ್ರ ಕಡತದಲ್ಲಿದ್ದರೂ ಕಾಯಿಲೆಯ ಕೋಡ್ ಹಾಕದಿದ್ದರೆ ಕಂಪ್ಯೂಟರಿಗೆ ಆ ರೋಗಿ ಆರೋಗ್ಯವಂತ, ಯಾರೂ ಕರೆಯುವುದಿಲ್ಲ. ಹೊಸದಾಗಿ ಬರುವವರಿಗೆ ಈ ಅಪಾಯ ಜಾಸ್ತಿ. ಮಾತ್ರೆಯಿಂದ ಎಚ್‌ಬಿಎ1ಸಿ 48ಕ್ಕಿಂತ (ಇಲ್ಲಿನ ಅಳತೆ; ನಮ್ಮಲ್ಲಿಯ ಶೇ. 6.5) ಕೆಳಗಿದ್ದರೆ ವರದಿ ನೋಡಿದವರಿಗೆ ಸಕ್ಕರೆ ಕಾಯಿಲೆ ಇದೆ ಎಂದೇ ಹೊಳೆಯದು. ಆದ್ದರಿಂದ ನೋಂದಣಿ ಮಾಡಿಸುವಾಗಲೇ ಕಾಯಿಲೆಯ ಹೆಸರು, ಶುರುವಾದ ವರ್ಷ ಬರೆದುಕೊಡಿ. ಮಾತ್ರೆಗಳ ಜೆನೆರಿಕ್ ಹೆಸರು (ಔಷಧದ ಮೂಲ ಹೆಸರು), ಮಿಲಿಗ್ರಾಂ ಸಮೇತ ಬೇಕು. ನಮ್ಮಲ್ಲಿಯ ಬ್ರ್ಯಾಂಡ್ ಹೆಸರು ಹೇಳಿದರೆ ಇಲ್ಲಿ ಎಷ್ಟೋ ಸಲ ಯಾರಿಗೂ ಗೊತ್ತಾಗದು. ಮಕ್ಕಳ ಲಸಿಕೆ ಕಾರ್ಡನ್ನು ಮರೆಯಬೇಡಿ. ವಿಳಾಸದ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ನೋಂದಣಿ ನಿರಾಕರಿಸುವಂತಿಲ್ಲ, ಕೌಂಟರಿನಲ್ಲಿ ಕೇಳಿದರೂ.

ಬೆಳಿಗ್ಗೆ 8ರ ಫೋನ್ ನೂಕುನುಗ್ಗಲು ಬೇರೆಯೇ ತಲೆನೋವು. ದಿನದ ಅಪಾಯಿಂಟ್‌ಮೆಂಟೆಲ್ಲ ಒಂದೇ ಗಳಿಗೆಗೆ ಬಿಟ್ಟರೆ ಸಿಗುವುದು ಮೊದಲು ಲೈನ್ ಹಿಡಿದವರಿಗೆ, ಹೆಚ್ಚು ಕಾಯಿಲೆಯಿರುವವರಿಗಲ್ಲ. ಫೋನ್, ಆನ್‌ಲೈನ್ ಕೋರಿಕೆಗಳನ್ನು ಒಂದೇ ಸರದಿಗೆ ತಂದು, ಅನುಭವಿಯೊಬ್ಬರು ಓದಿ ತುರ್ತು ನೋಡಿ ಹಂಚಿದರೆ ಇದು ತಗ್ಗುತ್ತದೆ. 2025ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಜಿಪಿಗಳು ಆನ್‌ಲೈನ್ ಕೋರಿಕೆಯನ್ನು ಕೆಲಸದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ ತೆರೆದಿಡಲೇಬೇಕು. ಆದರೆ "ಸುಸ್ತು" ಎಂದು ಬರೆದ ಫಾರ್ಮಿನ ನಾಲ್ಕನೇ ಸಾಲಿನಲ್ಲಿ ಎದೆನೋವು ಅಡಗಿರಬಹುದು. ಸಂಜೆ ಒಟ್ಟಿಗೆ ಓದುತ್ತೇವೆಂದರೆ ನಡೆಯದು. ಗಂಟಲುನೋವು, ಸರ್ಪಸುತ್ತು, 16ರಿಂದ 64 ವರ್ಷದ ಹೆಂಗಸರ ಸಾಮಾನ್ಯ ಉರಿಮೂತ್ರ ಸೇರಿದಂತೆ ಏಳು ತೊಂದರೆಗಳಿಗೆ 2024ರ ಜನವರಿ 31ರಿಂದ ಫಾರ್ಮಸಿಯಲ್ಲೇ ಚಿಕಿತ್ಸೆ ಸಿಗುತ್ತದೆ.

ಬೇಗ ಸಿಗುವ ಭರಾಟೆಯಲ್ಲಿ ಕಳೆದುಹೋಗುತ್ತಿರುವುದು ಪರಿಚಿತ ಡಾಕ್ಟರು. ಕೆಮ್ಮಿಗೆ ಯಾರಾದರೇನು? ಆರೇಳು ಮಾತ್ರೆ ನುಂಗುವವರು ಮಾತ್ರ "ಅದೇ ಡಾಕ್ಟರೇ ಬೇಕು, ಕಾಯ್ತೀನಿ" ಎಂದು ಬಾಯಿಬಿಟ್ಟು ಕೇಳುವುದು ಒಳ್ಳೆಯದು. ಸಿಗುವುದು ಸುಮಾರು 10 ನಿಮಿಷ. ಮುಖ್ಯ ತೊಂದರೆ ಮೊದಲು ಹೇಳಿ, ಎದ್ದು ಹೊರಡುವಾಗಲ್ಲ.

ಪರೀಕ್ಷೆಯ ನಂತರ ಸುದ್ದಿಯಿಲ್ಲ ಎಂದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಸ್ಯಾಂಪಲ್ ಕಳೆದಿರಬಹುದು, ವರದಿಯನ್ನು ಯಾರೂ ನೋಡದೆ ಇರಬಹುದು. ಎಷ್ಟು ದಿನ ಬೇಕೆಂದು ರಕ್ತ ಕೊಡುವಾಗಲೇ ಕೇಳಿ, ಆ ದಿನ ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ನೋಡಿ. ಕಾಣದಿದ್ದರೆ ಫೋನ್ ಮಾಡಿ, ಬೆಳಿಗ್ಗೆ 8ಕ್ಕಲ್ಲ, ಮಧ್ಯಾಹ್ನ.