ಚೀಸ್ ತೆಗೆಯಲು ಹೋಗಿ ಲ್ಯಾಬ್ ಖಾಲಿಯಾಯಿತು

ಮಂಡ್ಯದ ಒಂದು ಕಾಲೇಜಿನ ಲ್ಯಾಬ್. 30 ಕಂಪ್ಯೂಟರ್, ಎಲ್ಲದರಲ್ಲೂ ಡೆಬಿಯನ್ ಅನ್ನುವ ಲಿನಕ್ಸ್. ಕಮಾಂಡ್ ಹೊಡೆಯದೆ ಸಾಫ್ಟ್‌ವೇರ್ ಹಾಕಲು, ತೆಗೆಯಲು ಅವರಿಗೊಂದು ಕನ್ನಡ ಸ್ಕ್ರೀನ್ ಬೇಕಿತ್ತು. ಮೈಸೂರಿನ ಹೆಬ್ಬಾಳದ ನಮ್ಮ ಪುಟ್ಟ ಆಫೀಸಿನಲ್ಲಿ ಕೂತು ನಾನೇ ಮಾಡಿಕೊಟ್ಟೆ. ಹಿಂದೆ ಕೆಲಸ ಮಾಡುವುದು ಆಪ್ಟ್, ಅಂದರೆ ಸಾಫ್ಟ್‌ವೇರ್ ಹಾಕಿ ತೆಗೆಯುವ ಡೆಬಿಯನ್‌ನ ಕಮಾಂಡ್; ಮುಂದೆ ಕಾಣುವುದು ನನ್ನ ಬಟನ್‌ಗಳು.

ಮೂರು ವಾರಕ್ಕೆ ಲ್ಯಾಬ್ ಅಸಿಸ್ಟೆಂಟ್ ಫೋನ್ ಮಾಡಿದರು. "ಸಾರ್, ಜಿಸಿಸಿನೂ ಇಲ್ಲ, ಲಿಬ್ರೆ ಆಫೀಸೂ ಇಲ್ಲ. ನಾನು ತೆಗೆದಿದ್ದು ಚೀಸ್ ಒಂದೇ!"

ಜಿಸಿಸಿ ಅಂದರೆ ಸಿ ಪ್ರೋಗ್ರಾಂ ಕಂಪೈಲ್ ಮಾಡುವುದು, ಚೀಸ್ ಅಂದರೆ ವೆಬ್‌ಕ್ಯಾಮ್‌ನಲ್ಲಿ ಫೋಟೋ ತೆಗೆಯುವ ಸಾಫ್ಟ್‌ವೇರ್. ಹುಡುಗರು ಪ್ರಾಕ್ಟಿಕಲ್ ಬಿಟ್ಟು ಅದರಲ್ಲಿ ಮುಖ ಸೊಟ್ಟ ಮಾಡಿಕೊಂಡು ಕೂರುತ್ತಿದ್ದರಂತೆ.

ಮಾರನೆಯ ದಿನ ಬೆಳಗಿನ ರೈಲು ಹಿಡಿದು ಹೋದೆ. ಸರಿಯಿದ್ದ ಒಂದು ಕಂಪ್ಯೂಟರ್‌ನಲ್ಲಿ "ಮತ್ತೆ ಹಾಗೇ ಮಾಡಿ ಸರ್" ಅಂದು ಪಕ್ಕದಲ್ಲಿ ಸುಮ್ನೆ ಕೂತೆ. ನನ್ನ ಸ್ಕ್ರೀನ್ ಹೇಳಿತು: "ಅವಲಂಬಿತ ಪೊಟ್ಟಣಗಳನ್ನೂ ತೆಗೆಯಲಾಗುವುದು." ಅವರು ನಕ್ಕರು. "ಪೊಟ್ಟಣ ಅಂದ್ರೆ ಕಡ್ಲೆಪುರಿ ಪೊಟ್ಟಣವಾ ಸಾರ್?" ನಗುತ್ತಲೇ ಸರಿ ಒತ್ತಿದರು. ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಬರುವ ಕಟ್ಟಿಗೆ ಪ್ಯಾಕೇಜ್ ಅನ್ನುತ್ತಾರೆ, ಅದನ್ನೇ ನಾನು ಪೊಟ್ಟಣ ಮಾಡಿದ್ದೆ.

ಎಡವಟ್ಟು ನನ್ನದೇ. ಲ್ಯಾಬ್‌ಗೆ ಬೇಕಾದ್ದನ್ನೆಲ್ಲ ಒಂದೇ ಸಲ ಹಾಕಲು ಒಂದು ಮೆಟಾ ಪ್ಯಾಕೇಜ್ ಮಾಡಿದ್ದೆ. ಅದರೊಳಗೆ ಸಾಫ್ಟ್‌ವೇರ್ ಇರುವುದಿಲ್ಲ, ಬರೀ ಪಟ್ಟಿ. ಪಟ್ಟಿಯಲ್ಲಿದ್ದದ್ದೆಲ್ಲ 'ಡಿಪೆಂಡ್ಸ್', ಅಂದರೆ ಕಡ್ಡಾಯ. ಹಾಗಾಗಿ ಚೀಸ್ ಹೋದರೆ ಪಟ್ಟಿಯೇ ಹೋಗುತ್ತದೆ. ಪಟ್ಟಿ ಹೋದ ಮೇಲೆ ಉಳಿದವು ಯಾರಿಗೂ ಬೇಡದವು ಅಂತ ಆಪ್ಟ್ ಲೆಕ್ಕ ಹಾಕುತ್ತದೆ. ಆಮೇಲೊಂದು ದಿನ ಡಿಸ್ಕ್ ತುಂಬಿತು ಅಂತ ಇವರು ನನ್ನ 'ಕ್ಲೀನ್ ಮಾಡಿ' ಬಟನ್ ಒತ್ತಿದ್ದಾರೆ. ಅದರ ಹಿಂದಿರುವುದು ಆಟೋರಿಮೂವ್, ಬೇಡದವು ಅಂತ ಲೆಕ್ಕ ಹಾಕಿದ್ದನ್ನೆಲ್ಲ ತೆಗೆಯುವ ಆಪ್ಟ್ ಕಮಾಂಡ್. ಎಲ್ಲ ಗುಡಿಸಿಕೊಂಡು ಹೋಯಿತು.

ಎಚ್ಚರಿಕೆಯನ್ನು ಇನ್ನೂ ಜೋರಾಗಿ ಹೇಳೋಣ ಅಂತ ಮೊದಲು ಅನ್ನಿಸಿತು. ಆದರೆ 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ ಗೇಮ್‌ಗಳ ಸಾಫ್ಟ್‌ವೇರ್ ಸ್ಟೀಮ್ ಹಾಕಲು ಹೋದಾಗ, 'ಹೌದು, ನಾನು ಹೇಳಿದಂತೆ ಮಾಡು' ಅಂತ ಪೂರ್ತಿ ವಾಕ್ಯವನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿಕೊಂಡಿತ್ತು ಆಪ್ಟ್. ಅವರು ಟೈಪ್ ಮಾಡಿದರು, ಡೆಸ್ಕ್‌ಟಾಪೇ, ಅಂದರೆ ಐಕಾನ್, ಮೆನು, ವಿಂಡೋ ಎಲ್ಲ ಹೋಯಿತು. ಹೋಗುವುದು ಏನು ಅಂತ ಗುರುತೇ ಸಿಗದಿದ್ದರೆ ಜೋರಾಗಿ ಹೇಳಿ ಏನು ಬಂತು?

ವಾಪಸ್ ಬಂದು ಮೊದಲು ಆ ಪಟ್ಟಿಯಲ್ಲಿದ್ದ 'ಡಿಪೆಂಡ್ಸ್' ತೆಗೆದು 'ರೆಕಮೆಂಡ್ಸ್', ಅಂದರೆ ಇದ್ದರೆ ಒಳ್ಳೆಯದು, ಅಂತ ಮಾಡಿದೆ. ಈಗ ಒಂದು ಹೋದರೂ ಪಟ್ಟಿ ಉಳಿಯುತ್ತದೆ. ಪೊಟ್ಟಣ, ಅವಲಂಬಿತ ಎರಡನ್ನೂ ಕಿತ್ತುಹಾಕಿದೆ. (ಆ ಪದಗಳಿಗಾಗಿ ಅರ್ಧ ದಿನ ನಿಘಂಟು ತಿರುವಿದ್ದೆ!) ಈಗ "ಇದರ ಜೊತೆ ಇವೂ ಹೋಗುತ್ತವೆ" ಅಂತಿದೆ. ಕೆಳಗೆ ಮೆನುವಿನಲ್ಲಿ ಕಾಣುವ ಹೆಸರು, ಐಕಾನ್. ಸಾಫ್ಟ್‌ವೇರ್‌ಗಳು ಒಳಗೊಳಗೆ ಬಳಸುವ ಲೈಬ್ರರಿಗಳು ಮಡಚಿದ ಒಂದು ಸಾಲಿನೊಳಗೆ. 'ಕ್ಲೀನ್ ಮಾಡಿ' ಕೂಡ ಏನೇನು ಹೋಗುತ್ತದೆ ಅಂತ ಹೀಗೇ ತೋರಿಸದೆ ಏನನ್ನೂ ಮುಟ್ಟುವುದಿಲ್ಲ. ಎಂಟರ್ ಒತ್ತಿದರೆ ಆಯ್ಕೆಯಾಗುವುದು 'ಬೇಡ'.

ಎರಡನೇ ಸಲ ಹೋದಾಗ ಅವರೇ ಕೂತರು. ಚೀಸ್ ಆರಿಸಿದರು. "ಚೀಸ್ ಹೋಗುತ್ತದೆ. ಬೇರೆ ಯಾವುದೂ ಹೋಗುವುದಿಲ್ಲ." ಜೋರಾಗಿ ಓದಿ ನನ್ನ ಕಡೆ ತಿರುಗಿದರು.

"ಗ್ಯಾರಂಟಿನಾ ಸಾರ್?"